ಉಜ್ಜಿದರೆ ಹೋಗದ ಬಿಳಿ ಕಲೆ

ಕಾವೇರಿ ನೀರು ತಲುಪದ ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟುಗಳಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಅಲ್ಲಿ ಬಚ್ಚಲಿಗೆ ಹಾಕಿಸಿದ ಗಾಜಿನ ಬಾಗಿಲು ಕೆಲವೇ ತಿಂಗಳಲ್ಲಿ ಮಬ್ಬಾಗುತ್ತದೆ, ದೂರು ಮನೆಗೆಲಸದವರ ಮೇಲೆ ಬೀಳುತ್ತದೆ. ಈ ದೂರಿನಲ್ಲಿ ನ್ಯಾಯವಿಲ್ಲ. ಮಳೆನೀರು ಮಣ್ಣಿಗಿಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿಯ ಬಲದಿಂದ ಬಂಡೆಯೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಗಾಜಿನ ಮೇಲೆ ಹನಿ ಆರಿದಾಗ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲೇ ಕೂರುತ್ತದೆ. ಗೀಸರ್ ಕಾಯಿಲ್‌ಗೆ ಹಿಡಿಯುವ ಸುಣ್ಣವೂ ಇದೇ. ಕುಡಿಯುವ ನೀರಿನ ಭಾರತೀಯ ಮಾನಕ (ಐಎಸ್ 10500, 2012) ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ. ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಬಿಡುತ್ತದೆ. 400ರ ನೀರು ಎಂದಿಟ್ಟುಕೊಳ್ಳಿ. ಪ್ರತಿ ಸ್ನಾನಕ್ಕೂ 50 ಮಿಲಿಲೀಟರ್ ಗಾಜಿನ ಮೇಲೇ ಆರಿದರೆ, ದಿನಕ್ಕೆರಡು ಸ್ನಾನದ ಲೆಕ್ಕದಲ್ಲಿ ವರ್ಷಕ್ಕೆ ಹತ್ತಿರಹತ್ತಿರ 15 ಗ್ರಾಂ ಸುಣ್ಣ. ಇದಕ್ಕೆ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಕಟ್ಟುವ ಜಿಡ್ಡಿನ ಪದರವೂ ಕೂಡುತ್ತದೆ. ಹೀಗಿರುವಾಗ ಮತ್ತಷ್ಟು ಸೋಪು ಹಾಕಿ ತಿಕ್ಕುವುದು ಕಲೆಗೇ ಮೇವು ಹಾಕಿದಂತೆ.

ಈ ಸುಣ್ಣವನ್ನು ಬಿಡಿಸುವುದು ಹುಳಿ, ಅದೂ ಹೊತ್ತು ಕೊಟ್ಟರೆ ಮಾತ್ರ. ನಮ್ಮ ಮನೆಗಳಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ಸ್ವಲ್ಪ ಹೊತ್ತು ಬಿಡುವ ರೂಢಿಯಲ್ಲೂ ಇದೇ ತಿಳಿವಳಿಕೆಯಿದೆ. ಬಿಳಿ ವಿನೆಗರ್‌ನಲ್ಲಿ ಅಥವಾ ನಿಂಬೆ ಉಪ್ಪು ಕದಡಿದ ಬಿಸಿನೀರಿನಲ್ಲಿ ಹಳೆಯ ಹತ್ತಿ ಬಟ್ಟೆ ಅದ್ದಿ, ಗಾಜಿಗೆ ಅಂಟಿಸಿ, ಆರದಂತೆ ಅರ್ಧ ಗಂಟೆ ಬಿಟ್ಟು, ಮೆತ್ತಗೆ ಒರೆಸಿ ತೊಳೆಯಬೇಕು. ದಪ್ಪಗೆ ಕಟ್ಟಿದ್ದರೆ ಇನ್ನೊಮ್ಮೆ. ಇಷ್ಟು ಕಾಯುವುದೇಕೆ, ಕಕ್ಕಸಿಗೆ ಹಾಕುವ ಆ್ಯಸಿಡ್ ಕ್ಷಣದಲ್ಲಿ ತೆಗೆಯುತ್ತದಲ್ಲ ಎಂದು ಕೇಳಬಹುದು. ತೆಗೆಯುತ್ತದೆ, ಜೊತೆಗೆ ನಲ್ಲಿಯ ಕ್ರೋಮ್ ಹೊಳಪನ್ನೂ ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ತಗುಲಿದರಂತೂ ಆ ಕಿರಿದಾದ ಕೋಣೆಯಲ್ಲಿ ಕ್ಲೋರಿನ್ ವಿಷಾನಿಲ ಏಳುತ್ತದೆ. (ಮಾರ್ಬಲ್ ನೆಲವಿದ್ದರೆ ವಿನೆಗರ್ ಕೂಡ ಬೇಡ, ಅದೂ ಸುಣ್ಣದ ಕಲ್ಲೇ.) ವಿನೆಗರ್‌ಗೆ ಅಡುಗೆ ಸೋಡಾ ಬೆರೆಸುವ ಸಲಹೆಯೂ ಎಲ್ಲೆಡೆ ಓಡಾಡುತ್ತಿದೆ. ನೊರೆ ಚೆನ್ನಾಗಿ ಬರುತ್ತದೆ, ಆದರೆ ಎರಡೂ ಒಂದನ್ನೊಂದು ಕೊಂದುಕೊಂಡು ಹುಳಿಯೇ ಉಳಿಯುವುದಿಲ್ಲ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಇನ್ನೂ ಕೆಟ್ಟದ್ದು. ಅದರಲ್ಲಿರುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಗಾಜಿಗಿಂತ ಗಟ್ಟಿ, ಮಾಡಿದ ಗೀರು ಖಾಯಂ.

ಎಲ್ಲ ಕಲೆಯೂ ಹುಳಿಗೆ ಬಗ್ಗುತ್ತದೆಂದು ಭರವಸೆ ಕೊಡುವಂತಿಲ್ಲ. ನಮ್ಮ ಗ್ರಾನೈಟ್ ಬಂಡೆಗಳಿಂದ ಬರುವ ನೀರಿನಲ್ಲಿ ಸಿಲಿಕಾ ಕೂಡ ಇರುತ್ತದೆ. ಗಾಜೇ ಮುಖ್ಯವಾಗಿ ಸಿಲಿಕಾ ಆದ್ದರಿಂದ ಆ ಪದರವನ್ನಷ್ಟೇ ಕರಗಿಸುವ ಮನೆಮದ್ದಿಲ್ಲ. ವರ್ಷಗಟ್ಟಲೆ ತೇವ ಹಿಡಿದ ಗಾಜು ತಾನೇ ಸವೆದಿರಲೂಬಹುದು. ಹೊಸ ಸಿಮೆಂಟ್ ಗೋಡೆಯಿಂದ ಇಳಿದ ಕ್ಷಾರದ ನೀರು ಕಿಟಕಿಯನ್ನು ಇನ್ನೂ ಬೇಗ ಕೆಡಿಸುತ್ತದೆ. ಎರಡು ಸಲ ಹುಳಿ ಹಾಕಿಯೂ ಮಬ್ಬು ಉಳಿದರೆ ಸೀರಿಯಂ ಆಕ್ಸೈಡ್‌ನಿಂದ ಪಾಲಿಷ್ ಮಾಡಿಸಬೇಕು, ಇಲ್ಲವೇ ಗಾಜು ಬದಲಿಸಬೇಕು.

ಸಾಫ್ಟ್‌ನರ್ ಹಾಕಿಸಿದರೆ ಈ ತಾಪತ್ರಯವೇ ಇರದು ಎಂಬ ವಾದದಲ್ಲಿ ಹುರುಳಿದೆ. ಆದರೆ ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಒಣಗಿದರೆ ಆಗಲೂ ಬಿಳಿ ಗುರುತು ಬೀಳುತ್ತದೆ, ಸುಲಭವಾಗಿ ತೊಳೆದುಹೋಗುತ್ತದೆ ಎನ್ನುವುದಷ್ಟೇ ಲಾಭ. ಮೇಲಾಗಿ ಆಗಾಗ ಉಪ್ಪು ಹಾಕಬೇಕು, ಆ ಉಪ್ಪುನೀರು ಚರಂಡಿ ಸೇರುತ್ತದೆ. ಬಚ್ಚಲ ಗಾಜೊಂದಕ್ಕಾಗಿ ಇಷ್ಟೆಲ್ಲ ಮಾಡುವುದು ನನಗೆ ದುಬಾರಿಯೆನಿಸುತ್ತದೆ. ಹನಿ ಆರುವ ಮೊದಲೇ ರಬ್ಬರ್ ವೈಪರ್ ಎಳೆದರೆ ಕಲೆ ಕಟ್ಟಲು ನೀರೇ ಉಳಿಯದು. ದಿನವೂ ಇದನ್ನು ಮಾಡುವವರು ಯಾರು ಎಂಬ ಆಕ್ಷೇಪ ಸರಿಯಾದದ್ದೇ, ಏಕೆಂದರೆ ಮನೆಯಲ್ಲಿ ಹೊಸ ಕೆಲಸ ಹುಟ್ಟಿದಾಗಲೆಲ್ಲ ಅದು ಹೆಂಗಸರ ಪಾಲಾಗುತ್ತದೆ. ವೈಪರನ್ನು ಶವರ್ ಪಕ್ಕದಲ್ಲೇ ನೇತುಹಾಕಿ, ಸ್ನಾನ ಮುಗಿಸಿದವರೇ ಎಳೆದು ಬರಲಿ. ಅರ್ಧ ನಿಮಿಷದ ಕೆಲಸ. ವೈಪರ್ ಮುಟ್ಟದ ಹಿಂಜ್ ಸಂದಿಗೆ, ಬಾಗಿಲ ಕೆಳಗಿನ ರಬ್ಬರ್ ಪಟ್ಟಿಗೆ ವಾರಕ್ಕೊಮ್ಮೆ ವಿನೆಗರ್ ಬಟ್ಟೆ ಸಾಕು.