ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಡ್ರೈವ್ ಕಾಣದಿದ್ದಾಗ

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಲಿನಕ್ಸ್ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಡ್ರೈವ್ ತೆರೆಯುವುದಿಲ್ಲ, ಏಕೆ? (ಓದುಗರೊಬ್ಬರು, ದೋಣಿಮಲೈ)

ಉತ್ತರ: ಲಿನಕ್ಸ್ ಶುರುವಾಗುವಾಗ ‘ಎಫ್‌ಎಸ್‌ಟ್ಯಾಬ್’ ಕಡತ ಓದಿ ಡ್ರೈವ್‌ಗಳನ್ನು ಜೋಡಿಸಿಕೊಳ್ಳುತ್ತದೆ. ಅಷ್ಟರಲ್ಲಿ ರೂಟರ್, ಸರ್ವರ್ ಸಿದ್ಧವಾಗಿರದಿದ್ದರೆ ಜೋಡಣೆ ಆಗುವುದಿಲ್ಲ. ಆ ಕಡತದಲ್ಲಿ ಡ್ರೈವ್‌ಗೆ ಸಂಬಂಧಿಸಿದ ಸಾಲಿಗೆ ‘ನೋಫೇಲ್’ ಮತ್ತು ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಸೇರಿಸಿದರೆ, ಡ್ರೈವ್ ತೆರೆಯುವ ಹೊತ್ತಿಗೇ ಜೋಡಣೆ ನಡೆಯುತ್ತದೆ. ಇದೇ ಉತ್ತಮ ಪರಿಹಾರ.

ಆಗಲೂ ಬಾರದಿದ್ದರೆ ಸರ್ವರ್ ಉತ್ತರಿಸುತ್ತದೆಯೇ ಎಂದು ಪಿಂಗ್ ಮಾಡಿ ನೋಡಬೇಕು. ಜೋಡಣೆಯ ವೇಳೆ ಕಾಣುವ ದೋಷ ಸಂಖ್ಯೆ 13 ಎಂದರೆ ಪಾಸ್‌ವರ್ಡ್ ಅಥವಾ ಅನುಮತಿಯ ತಕರಾರು. 112 ಬಂದಾಗ ಸರ್ವರ್ ನಿಂತಿದೆ ಎಂಬ ಸಂದೇಶ ಕಂಡರೂ, ಎಷ್ಟೋ ಸಲ ನಿಜವಾದ ಕಾರಣ ಎಸ್‌ಎಂಬಿ (ನೆಟ್‌ವರ್ಕ್‌ನಲ್ಲಿ ಕಡತ ಹಂಚುವ ನಿಯಮಾವಳಿ) ಆವೃತ್ತಿ ಹೊಂದದಿರುವುದು. 2017ರ ಕರ್ನಲ್ 4.13ರಿಂದ ಲಿನಕ್ಸ್ ಹಳೆಯ ಎಸ್‌ಎಂಬಿ 1 ಅನ್ನು ತಾನಾಗಿ ಬಳಸುವುದಿಲ್ಲ. ಸರ್ವರ್ ಹಳೆಯದಾಗಿದ್ದರೆ ಅದೇ ಸಾಲಿನಲ್ಲಿ ‘ವರ್ಸ್=1.0’ ಎಂದು ಬರೆದು ಕೆಲಸ ಸಾಗಿಸಬಹುದು. ಆದರೆ 2017ರಲ್ಲೇ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ದೋಷದಿಂದಲೇ. ಸರ್ವರ್‌ನ ತಂತ್ರಾಂಶವನ್ನೇ ಹೊಸದಾಗಿಸುವುದು ಒಳ್ಳೆಯದು.