ಘಾಟಿ ಹತ್ತಬಲ್ಲ ಮನೆ

2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡ ಕೊಡಗಿನ ಕುಟುಂಬಗಳಿಗೆ ಜಂಬೂರು, ಮದೆನಾಡುಗಳಲ್ಲಿ 463 ಹೊಸ ಮನೆಗಳು ಕೈಸೇರಿದ್ದು 2020ರ ಜೂನ್‌ನಲ್ಲಿ. ನಡುವೆ ಇನ್ನೊಂದು ಮಳೆಗಾಲವೇ ಕಳೆದುಹೋಗಿತ್ತು. ಕಾರ್ಖಾನೆಯಲ್ಲಿ ತಯಾರಾದ ಮನೆಗಳನ್ನೇ ತಂದು ನಿಲ್ಲಿಸಬಹುದಿತ್ತೇ? ಕೇಳಲೇಬೇಕಾದ ಪ್ರಶ್ನೆ. ಉತ್ತರ ಮಾತ್ರ ಎಂಥ ಮನೆ ಎಂಬುದರ ಮೇಲೆ ನಿಂತಿದೆ.

ಅಮೆರಿಕದ ಮೊಬೈಲ್ ಹೋಮ್ ಕಾರ್ಖಾನೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಇಡಿಯಾಗಿ ಸಿದ್ಧವಾಗಿ, ಚಕ್ರಗಳ ಮೇಲೆ ಹೊರಡುತ್ತದೆ. ಮಾಡ್ಯುಲರ್ ಮನೆ ಕೋಣೆಕೋಣೆಯಾಗಿ ಬರುತ್ತದೆ. ಎರಡಕ್ಕೂ ಅಗಲವಾದ, ನೇರವಾದ ರಸ್ತೆ ಬೇಕು. ಅಲ್ಲಿನ ಮನೆ ನಾಲ್ಕೈದು ಮೀಟರ್ ಅಗಲವಿರಬಹುದು. ನಮ್ಮ ವಾಹನಗಳಿಗೆ 2.6 ಮೀಟರ್ ಮಿತಿ. ಕೊಡಗಿಗೆ ರೈಲೂ ಇಲ್ಲ. 2.44 ಮೀಟರ್ ಅಗಲದ ಸರಕು ಕಂಟೇನರ್ ಸಂಪಾಜೆ ಘಾಟಿಯನ್ನೇನೋ ಹತ್ತೀತು, ತೋಟದ ದಾರಿಯ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಇಲ್ಲಿಗೆ ಒಗ್ಗುವುದು ಬಿಡಿಭಾಗಗಳಾಗಿ ಬಂದು ಸ್ಥಳದಲ್ಲೇ ಜೋಡಣೆಯಾಗುವ ಮನೆ: ತೆಳು ಉಕ್ಕಿನ ಕಂಬ, ತೊಲೆ, ಗೋಡೆಗೆ ತಗಡುಗಳ ನಡುವೆ ನೊರೆ ತುಂಬಿದ ಪಫ್ ಪ್ಯಾನೆಲ್. ಪಿಕಪ್ ಹೋಗುವಲ್ಲಿಗೆಲ್ಲ ಇದು ಹೋಗುತ್ತದೆ.

ಇದರ ನಿಜವಾದ ಗುಣ ಹಗುರತನ. ಇಪ್ಪತ್ತು ಅಡಿ ಉದ್ದದ ಖಾಲಿ ಉಕ್ಕಿನ ಕಂಟೇನರ್ ಕೂಡ ಎರಡೂಕಾಲು ಟನ್ ಮಾತ್ರ ತೂಗಿದರೆ, ಅಷ್ಟೇ ಅಳತೆಯ ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿಯ ಕೋಣೆ ಸುಮಾರು 20 ಟನ್ ತೂಗುತ್ತದೆ. ಭಾರದ ಮನೆಗೆ ಸಮತಟ್ಟು ನೆಲ ಬೇಕು, ಅದಕ್ಕಾಗಿ ಇಳಿಜಾರನ್ನು ಜೆಸಿಬಿಯಿಂದ ಕಡಿದು ಬರೆ ಎಬ್ಬಿಸುತ್ತೇವೆ. ಬುಡ ಕಳೆದುಕೊಂಡ ಆ ಮಣ್ಣೇ ನೀರು ಕುಡಿದು ಜಾರುತ್ತದೆ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೂ ಇಳಿಜಾರನ್ನು ಕಡಿದದ್ದರತ್ತ ಬೊಟ್ಟುಮಾಡಿತ್ತು. ಹಗುರ ಮನೆಯನ್ನಾದರೆ ಎತ್ತರ ತಗ್ಗಿನ ಕಂಬಗಳ ಮೇಲೆ ಕೂರಿಸಿ, ಇಳಿಜಾರನ್ನು ಇದ್ದಂತೆಯೇ ಬಿಡಬಹುದು. ಆದರೆ ಗಾಳಿ ಎತ್ತಿಹಾಕದಂತೆ ತಳಪಾಯಕ್ಕೆ ಬೋಲ್ಟ್ ಬಿಗಿಯಲೇಬೇಕು. ಕುಸಿಯುವ ಗುಡ್ಡದ ದಾರಿಯಲ್ಲೇ ಮನೆಯಿದ್ದರೆ ಯಾವ ಹಗುರತನವೂ ಕಾಯುವುದಿಲ್ಲ.

ಇನ್ನು ತೇವ. ಬರಿಯ ತಗಡಿನ ಗೋಡೆ ಹೊರಗಿನಷ್ಟೇ ತಣ್ಣಗಿರುತ್ತದೆ. ಅನ್ನದ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಅದಕ್ಕೆ ತಾಗಿ ಹನಿಗಟ್ಟಿ, ಮಳೆಗಾಲವಿಡೀ ಗೋಡೆ ಒಳಗಿನಿಂದಲೇ ಬೆವರುತ್ತದೆ. ಪಫ್ ಪ್ಯಾನೆಲ್‌ನಲ್ಲಿ ಎರಡು ತಗಡುಗಳ ನಡುವೆ ಪಾಲಿಯುರೆಥೇನ್ ನೊರೆ ಗಟ್ಟಿಯಾಗಿ ಕೂತಿರುತ್ತದೆ. ಐದು ಸೆಂಟಿಮೀಟರ್ ನೊರೆ, ಶಾಖ ತಡೆಯುವುದರಲ್ಲಿ ಸುಮಾರು ಒಂದೂವರೆ ಮೀಟರ್ ದಪ್ಪದ ಇಟ್ಟಿಗೆ ಗೋಡೆಗೆ ಸಮ. ಉಕ್ಕು ಒಳಗಿನಿಂದ ಹೊರಗೆ ಹಾದುಹೋಗುವ ಕೂಡುಜಾಗಗಳಲ್ಲಿ ಮಾತ್ರ ಹನಿ ಮೂಡಿ ತುಕ್ಕು ಶುರುವಾಗುತ್ತದೆ. ಪ್ಯಾನೆಲ್ ಎಷ್ಟು ದಪ್ಪ ಎಂದು ಕೇಳುವವರು ಆ ಸಂದುಗಳನ್ನು ಹೇಗೆ ಮುಚ್ಚುತ್ತೀರಿ, ಅಡುಗೆಮನೆಯ ಹಬೆಗೆ ದಾರಿ ಎಲ್ಲಿ ಎಂದೂ ಕೇಳಬೇಕು. ನೊರೆಗೆ ಬೆಂಕಿ ಹತ್ತಿದರೆ ವಿಷದ ಹೊಗೆ ಬರುವುದರಿಂದ ಸೌದೆ ಒಲೆ, ಬಚ್ಚಲ ಹಂಡೆಗಳಿಗೆ ಇಟ್ಟಿಗೆಯ ಬೇರೆ ಮಾಡನ್ನೇ ಕಟ್ಟಬೇಕು.