ನಿಮಗಿದು ಗೊತ್ತೆ? ಉಪಗ್ರಹ ಫೋಟೊ ‘ಕ್ಲಿಕ್ಕಿಸುವುದಿಲ್ಲ’!

ಉಪಗ್ರಹ ಭೂಮಿಯ ಫೋಟೊ ತೆಗೆಯುತ್ತದೆ ಎನ್ನುವುದು ರೂಢಿಯ ಮಾತು. ನಿಜವಾಗಿ ಅದು ಬೆಳಕನ್ನು ಅಳೆಯುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡು 1988ರ ಮಾರ್ಚ್ 17ರಂದು ಬೈಕನೂರು ಉಡಾವಣಾ ಕೇಂದ್ರದಿಂದ ಹಾರಿದ ಐಆರ್‌ಎಸ್-1ಎ ಉಪಗ್ರಹವನ್ನೇ ನೋಡಿ. ಅದರ ಲಿಸ್-1 ಕ್ಯಾಮೆರಾದಲ್ಲಿ ಒಂದೊಂದು ಬಣ್ಣಕ್ಕೂ 2,048 ಸಂವೇದಕಗಳ ಒಂದೇ ಸಾಲು. ಪ್ರತಿ ಸಂವೇದಕವೂ ಸುಮಾರು 72.5 ಮೀಟರ್ ಅಗಲದ ನೆಲದಿಂದ ಬಂದ ಬೆಳಕನ್ನು ಒಂದು ಅಂಕಿಯಾಗಿಸುತ್ತಿತ್ತು. ಉಪಗ್ರಹ ಮುಂದೆ ಸಾಗಿದಂತೆ, ಮಗ್ಗದಲ್ಲಿ ಎಳೆಗೆ ಎಳೆ ಕೂಡಿ ಬಟ್ಟೆಯಾಗುವ ಹಾಗೆ, 148 ಕಿ.ಮೀ. ಅಗಲದ ಚಿತ್ರ ಬೆಳೆಯುತ್ತಿತ್ತು.

ಹಾಗಾದರೆ ಹಸಿರು ಗದ್ದೆಯನ್ನು ಕೆಂಪಾಗಿ ತೋರಿಸುವ ಉಪಗ್ರಹ ಚಿತ್ರ ಸುಳ್ಳಲ್ಲವೆ? ಅಲ್ಲ. ಆರೋಗ್ಯವಾಗಿರುವ ಎಲೆ ಹಸಿರು ಬೆಳಕಿಗಿಂತ ಎಷ್ಟೋ ಹೆಚ್ಚು ಅವಗೆಂಪು ಕಿರಣವನ್ನು ಪ್ರತಿಫಲಿಸುತ್ತದೆ. ನಮ್ಮ ಕಣ್ಣಿಗದು ಕಾಣದು, ಅಷ್ಟೆ. ಕಾಣದ ಆ ಅಂಕಿಗೆ ಕೆಂಪು ಬಳಿಯುವುದು ಒಂದು ಒಪ್ಪಂದ. ಸುಳ್ಳು ಹೇಳುವುದು ಯಾರಾದರೂ ಇದ್ದರೆ ಅದು ಬಹುಶಃ ನಮ್ಮ ಕಣ್ಣೇ! ಮೋಡ ಕವಿದರೆ ಈ ಕ್ಯಾಮೆರಾವೂ ಕುರುಡು ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು; ಭತ್ತ ಹೆಚ್ಚಾಗಿ ಬೆಳೆಯುವುದೇ ಮಳೆಗಾಲದಲ್ಲಿ. ಅದಕ್ಕೇ 2012ರಲ್ಲಿ ಹಾರಿದ ರಿಸ್ಯಾಟ್-1 ಉಪಗ್ರಹ ಸೂರ್ಯನ ಬೆಳಕಿಗೆ ಕಾಯಲಿಲ್ಲ. ತಾನೇ ರೇಡಿಯೊ ಅಲೆ ಕಳಿಸಿ, ಮೋಡ ದಾಟಿ ಹೋಗಿ ಮರಳಿದ ಅಲೆಯನ್ನು ಹಗಲೂ ರಾತ್ರಿಯೂ ಅಳೆಯಿತು.